ಕಡಲ ಮಗನೂ ಕರಿಘಟ್ಟದ ಹೊಳೆಯೂ

ಶ್ರೀರಂಗಪಟ್ಟಣದ ಮೂಡಲಿಗೆ ಕರಿಘಟ್ಟದ ಬೆಟ್ಟವಿರುವುದನ್ನೂ, ಅದರ ನೆತ್ತಿಯ ಮೇಲೆ ವೈಕುಂಠ ಶ್ರೀನಿವಾಸಸ್ವಾಮಿಯ ದೇವಾಲಯವಿರುವುದನ್ನೂ, ಬೆಟ್ಟದ ತಪ್ಪಲಿನಲ್ಲಿ ಲೋಕಪಾವನಿಯು ಕಾವೇರಿಯನ್ನು ಕೂಡಿಕೊಳ್ಳುವುದನ್ನೂ ನಮ್ಮ ವಾಚಕರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಈ ಹೊಳೆಗಳ ದಡದ ಊರುಗಳಲ್ಲಿ ಈಜನ್ನು ಶಾಲೆಯಲ್ಲಿ ಕಲಿತವರು ವಿರಳ. ಒಣಗಿದ ಸೋರೆಬುರುಡೆಯನ್ನೋ ಬೆಂಡಿನ ಕಟ್ಟನ್ನೋ ಬೆನ್ನಿಗೆ ಬಿಗಿದುಕೊಂಡು ಅಣ್ಣಂದಿರ ಹಿಂದೆ ನೀರಿಗಿಳಿದ ಹುಡುಗನು ಕೆಲವು ದಿನಗಳಲ್ಲಿ ಬುರುಡೆಯನ್ನು ಬಿಚ್ಚಿ ದಡಕ್ಕೆ ಎಸೆಯುವನು. ಅಲ್ಲಿಗೆ ಅವನ ವಿದ್ಯಾಭ್ಯಾಸವು ಮುಗಿಯಿತು. ಊರಿನಲ್ಲಿ ದೊಡ್ಡ ಈಜುಗಾರನು ಯಾರೆಂದು ಕೇಳಿದರೆ ಹತ್ತು ಮಂದಿ ಹತ್ತು ಹೆಸರನ್ನು ಹೇಳುವರು. ಆತನು ಎಷ್ಟು ದೂರವನ್ನು ಎಷ್ಟು ಹೊತ್ತಿನಲ್ಲಿ ಈಜಿದನೆಂದು ಕೇಳಿದರೆ ಹತ್ತು ಮಂದಿಯೂ ಸುಮ್ಮನಾಗುವರು. ಅಳೆದವರೂ ಇಲ್ಲ, ಬರೆದಿಟ್ಟವರೂ ಇಲ್ಲ.

ಅಳತೆಗೆ ಸಿಕ್ಕದ ಶಕ್ತಿಯು ಹೊರಗಿನವರ ನಂಬಿಕೆಗೆ ಬಾರದು. ಕಾಲಕ್ರಮದಲ್ಲಿ ಅದು ತನ್ನವರ ನಂಬಿಕೆಗೂ ಬಾರದೆ ಹೋಗುವುದು. ಈ ಮಾತಿಗೆ ದೃಷ್ಟಾಂತವಾಗಿ ದೂರದ ದ್ವೀಪವೊಂದರ ಈಜುಗಾರನ ಚರಿತ್ರೆಯನ್ನು ಈ ದಿನ ವಾಚಕರ ಮುಂದೆ ಇಡಲು ಬಯಸುತ್ತೇವೆ. ಆತನ ಹೆಸರು ಡ್ಯೂಕ್ ಕಹನಾಮೋಕು. ಆತನ ಜೀವನದಲ್ಲಿ ಬೆಟ್ಟದ ಕೆಳಗಿನ ನಮ್ಮ ಹುಡುಗರಿಗೆ ಸಂಬಂಧಪಟ್ಟ ಸಂಗತಿಗಳು ಹಲವು ಇವೆ.

ಪೆಸಿಫಿಕ್ ಮಹಾಸಾಗರದ ನಡುವಣ ಹವಾಯಿ ದ್ವೀಪಗಳಲ್ಲಿ, ಹೊನೊಲುಲು ಪಟ್ಟಣದಲ್ಲಿ, 1890ನೆಯ ಆಗಸ್ಟ್ 24ರಂದು ಈತನು ಹುಟ್ಟಿದನು. ಡ್ಯೂಕ್ ಎಂಬುದು ಬಿರುದಲ್ಲ, ಹೆಸರೇ. 1869ರಲ್ಲಿ ಎಡಿನ್‌ಬರೋ ಡ್ಯೂಕನು ಹವಾಯಿಗೆ ಬಂದಿದ್ದ ನೆನಪಿಗಾಗಿ ಈತನ ತಂದೆಗೆ ಆ ಹೆಸರನ್ನು ಇಟ್ಟಿದ್ದರು. ಹಿರಿಯ ಮಗನಿಗೂ ಅದೇ ಬಂದಿತು. ಒಂಬತ್ತು ಮಕ್ಕಳ ಸಂಸಾರ. ಹುಡುಗನಿಗೆ ಮೂರು ವರ್ಷ ತುಂಬುವ ಮೊದಲೇ, 1893ರಲ್ಲಿ, ಹವಾಯಿಯ ರಾಣಿ ಲಿಲಿಯುಒಕಲಾನಿಯನ್ನು ಸಿಂಹಾಸನದಿಂದ ಇಳಿಸಲಾಯಿತು. 1898ರಲ್ಲಿ ಅಮೆರಿಕವು ಆ ದ್ವೀಪಗಳನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡಿತು. ಹೀಗೆ ತನ್ನ ನೆಲದಲ್ಲಿಯೇ ಪರಾಧೀನರಾದ ಜನಾಂಗದಲ್ಲಿ ಈತನು ಬೆಳೆದನು. ಹಿರಿಯರು ರಾಜ್ಯವನ್ನು ಕಳೆದುಕೊಂಡಿದ್ದರು. ಕಡಲು ಮಾತ್ರ ಇನ್ನೂ ಅವರದಾಗಿಯೇ ಇತ್ತು. ವೈಕೀಕಿಯ ತೀರದಲ್ಲಿ ಈಜುವುದು, ಮರದ ಹಲಗೆಯ ಮೇಲೆ ನಿಂತು ತೆರೆಯನ್ನು ಏರಿ ಬರುವುದು, ದೋಣಿ ನಡೆಸುವುದು—ಇವೇ ಆತನ ಪಾಠಶಾಲೆ. ಪುಸ್ತಕದ ವಿದ್ಯೆಯನ್ನು ಆತನು ನಡುವೆಯೇ ಬಿಟ್ಟನು.

ಇಲ್ಲಿ ಫ್ರೀಸ್ಟೈಲ್ ಎಂಬ ಪಂದ್ಯದ ವಿಷಯವಾಗಿ ಎರಡು ಮಾತು ಅವಶ್ಯ. ಅದರಲ್ಲಿ ಈಜುಗಾರನು ಹೀಗೆಯೇ ಕೈ ಬೀಸಬೇಕು, ಹೀಗೆಯೇ ಕಾಲು ಬಡಿಯಬೇಕು ಎಂಬ ಕಟ್ಟಳೆಯಿಲ್ಲ. ಯಾವ ರೀತಿಯಲ್ಲಿ ಈಜಿದರೂ ಆದೀತು. ಆದುದರಿಂದ ಅತ್ಯಂತ ವೇಗದ ರೀತಿ ಯಾವುದೋ ಅದೇ ಅಲ್ಲಿ ನಿಲ್ಲುವುದು. ಕವುಚಿ ಮಲಗಿ, ಒಂದಾದ ಮೇಲೊಂದು ಕೈಯನ್ನು ನೀರಿನಿಂದೆತ್ತಿ ಮುಂದಕ್ಕೆ ಚಾಚಿ ಎಳೆದುಕೊಳ್ಳುವ ರೀತಿಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಂದ್ಯಗಳಲ್ಲಿ ಬಳಕೆಗೆ ಬರುತ್ತಿತ್ತು. ಮೊಣಕಾಲನ್ನು ಸ್ವಲ್ಪವೇ ಬಾಗಿಸಿ, ಎರಡು ಕಾಲುಗಳನ್ನೂ ಮೇಲಕ್ಕೂ ಕೆಳಕ್ಕೂ ಬಿಡದೆ ಬಡಿಯುವುದು ಕಹನಾಮೋಕುವಿನ ವಿಶೇಷವಾಗಿತ್ತು. ಇದನ್ನು ಆತನಿಗೆ ಕಲಿಸಿದ್ದು ಯಾವ ಗ್ರಂಥವೂ ಅಲ್ಲ, ಕಡಲು. ಮುಂದೆ ಲೋಕದ ಈಜುಗಾರರೆಲ್ಲರೂ ಕಾಲುಬಡಿತದ ಈ ಬಗೆಯನ್ನೇ ರೂಢಿಸಿಕೊಂಡರು.

1911ನೆಯ ಆಗಸ್ಟ್ 11ರಂದು ಹೊನೊಲುಲು ಬಂದರಿನಲ್ಲಿ ಒಂದು ಈಜು ಪಂದ್ಯವು ನಡೆಯಿತು. ನಮ್ಮ ಕಾವೇರಿಗೆ ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟುವ ಕೆಲಸಕ್ಕೆ ಕೈಹಾಕಿದ ವರ್ಷವೂ ಅದೇ. ಬಂದರಿನ ಉಪ್ಪುನೀರಿನಲ್ಲಿ ಗುರುತು ಮಾಡಿದ 100 ಗಜಗಳ ದೂರವನ್ನು ಕಹನಾಮೋಕು 55.4 ಸೆಕೆಂಡುಗಳಲ್ಲಿ ಈಜಿದನು. ಇಂಥ ಪಂದ್ಯಕ್ಕೆ ಅದುವರೆಗೆ ಮಾನ್ಯವಾಗಿದ್ದ ದಾಖಲೆಗಿಂತ ಇದು 4.6 ಸೆಕೆಂಡು ಕಡಿಮೆ. ಸೆಕೆಂಡಿನ ಹತ್ತನೆಯ ಭಾಗಕ್ಕಾಗಿ ಹೆಣಗುವ ಪಂದ್ಯದಲ್ಲಿ ನಾಲ್ಕೂವರೆ ಸೆಕೆಂಡಿಗೂ ಹೆಚ್ಚಿನ ಅಂತರ! ಸುದ್ದಿಯು ಅಮೆರಿಕದ ಮುಖ್ಯ ಕ್ರೀಡಾಸಂಘಕ್ಕೆ ಮುಟ್ಟಿದಾಗ ಅಲ್ಲಿಯ ಅಧಿಕಾರಿಗಳು ಅದನ್ನು ನಂಬಲಿಲ್ಲ. ಕಾಲವನ್ನು ಅಲಾರಂ ಗಡಿಯಾರದಿಂದ ಅಳೆದಿರೋ ಎಂದು ಗೇಲಿಮಾಡಿದರು. ಕಡಲಿನ ಸೆಳೆತವು ಹುಡುಗನನ್ನು ಮುಂದಕ್ಕೆ ತಳ್ಳಿರಬೇಕು ಎಂದರು. ದಾಖಲೆಯನ್ನು ಆಗ ಒಪ್ಪಿಕೊಳ್ಳಲಿಲ್ಲ.

ಇಂಥ ಅಪನಂಬಿಕೆಯ ರುಚಿಯನ್ನು ನಮ್ಮ ದೇಶದವರೂ ಉಂಡವರೇ. ಪರಾಧೀನ ಜನಾಂಗದವನೊಬ್ಬನು ಮೇಲುಗೈಯಾದರೆ ಮೊದಲು ಗಡಿಯಾರವನ್ನು ಸಂಶಯಿಸುವರು, ಆಮೇಲೆ ನೀರನ್ನು ಸಂಶಯಿಸುವರು. ಮನುಷ್ಯನನ್ನು ನಂಬುವುದು ಕಟ್ಟಕಡೆಗೆ. ಆದರೂ ನ್ಯಾಯವಾಗಿ ಹೇಳುವುದಾದರೆ ಆ ಸಂಶಯದಲ್ಲಿ ತಿರುಳಿಲ್ಲದೆ ಇರಲಿಲ್ಲ. ಸೆಳೆತವಿರುವ ನೀರಿನಲ್ಲಿ ಈಜಿದ ಕಾಲವನ್ನು ನಿಂತ ನೀರಿನಲ್ಲಿ ಈಜಿದ ಕಾಲದೊಡನೆ ಹೋಲಿಸಲಾಗದು. ಕಾವೇರಿಯ ಪ್ರವಾಹದೊಡನೆ ತೇಲಿಬಂದವನು ಅದಕ್ಕೆದುರಾಗಿ ಈಜಿದವನಿಗಿಂತ ಮೊದಲು ದಡ ಸೇರುವುದರಲ್ಲಿ ಆಶ್ಚರ್ಯವೇನು? ಹೊನೊಲುಲುವಿನ ಜನರು ಈ ಸಂಶಯಕ್ಕೆ ಉತ್ತರವನ್ನು ಪತ್ರಗಳಲ್ಲಿ ಬರೆದು ಸುಮ್ಮನಾಗಲಿಲ್ಲ. ಊರಿನವರು ಹಣವನ್ನು ಕೂಡಿಸಿ ತಮ್ಮ ಹುಡುಗನನ್ನು ಅಮೆರಿಕದ ನೆಲಕ್ಕೆ ಕಳುಹಿಸಿದರು. ಅಲ್ಲಿಯ ಈಜುಕೊಳಗಳು ಆತನಿಗೆ ಹೊಸವು. ತಣ್ಣೀರು ಹೊಸದು, ಕೊಳದ ಗೋಡೆಗೆ ಕಾಲೂರಿ ಹೊರಳಿಕೊಳ್ಳುವ ಉಪಾಯವೂ ಹೊಸದು. ಅದನ್ನೆಲ್ಲ ಅಲ್ಲಿಯೇ ಕಲಿತು, ಅವರ ಗಡಿಯಾರಕ್ಕೂ ಅವರ ಅಳತೆಗೂ ಮೈಯೊಡ್ಡಿ, 1912ರ ಒಲಿಂಪಿಕ್ ಕ್ರೀಡೆಗಳಿಗೆ ಅಮೆರಿಕದ ತಂಡದಲ್ಲಿ ಆತನು ಸ್ಥಾನವನ್ನು ಸಂಪಾದಿಸಿದನು.

ಆ ಕ್ರೀಡೆಗಳು ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ನಡೆದವು. ಅಲ್ಲಿ ನಡೆದ ಒಂದು ಪ್ರಸಂಗವನ್ನು ಕ್ರೀಡೆಯನ್ನು ಪ್ರೀತಿಸುವವರು ಮರೆಯಬಾರದು. 100 ಮೀಟರುಗಳ ಫ್ರೀಸ್ಟೈಲ್ ಪಂದ್ಯದ ಉಪಾಂತ್ಯ ಸುತ್ತಿನ ಹೊತ್ತನ್ನು ತಪ್ಪಾಗಿ ತಿಳಿದುದರಿಂದ ಕಹನಾಮೋಕುವೂ ಆತನ ಸಂಗಡಿಗರಾದ ಅಮೆರಿಕದ ಇಬ್ಬರೂ ನೀರಿನ ಬಳಿಗೆ ಬರಲೇ ಇಲ್ಲ. ಕಟ್ಟಳೆಯಂತೆ ಅವರು ಪಂದ್ಯದಿಂದ ಹೊರಬಿದ್ದಂತೆಯೇ ಸರಿ. ಆಗ ಅವರ ಪರವಾಗಿ ಮಾತನಾಡಿದವನು ಎದುರಾಳಿಯಾದ ಆಸ್ಟ್ರೇಲಿಯದ ಸೆಸಿಲ್ ಹೀಲಿ. ಬಲಿಷ್ಠರನ್ನು ಹೊರಗಿಟ್ಟು ಪಡೆದ ಗೆಲುವು ಆತನಿಗೆ ಬೇಡವಾಗಿತ್ತು. ಅಮೆರಿಕದವರಿಗಾಗಿ ಮತ್ತೊಂದು ಸುತ್ತು ಏರ್ಪಟ್ಟಿತು. ಅದರಲ್ಲಿ ಕಹನಾಮೋಕು 1 ನಿಮಿಷ 2.4 ಸೆಕೆಂಡುಗಳಲ್ಲಿ ಈಜಿ ಲೋಕದ ದಾಖಲೆಯನ್ನೇ ಸರಿಗಟ್ಟಿದನು. ಅಂತಿಮ ಪಂದ್ಯದಲ್ಲಿ 1 ನಿಮಿಷ 3.4 ಸೆಕೆಂಡಿಗೆ ಮೊದಲನೆಯವನಾಗಿ ಚಿನ್ನದ ಪದಕವನ್ನು ಪಡೆದನು. ಎರಡನೆಯವನು ಯಾರು? ಆ ಸೆಸಿಲ್ ಹೀಲಿಯೇ. ಸುಮ್ಮನಿದ್ದಿದ್ದರೆ ಚಿನ್ನವು ತನ್ನ ಕೊರಳಿಗೆ ಬೀಳಬಹುದಾಗಿದ್ದ ಮನುಷ್ಯನು ತಾನಾಗಿ ಬಾಗಿಲನ್ನು ತೆರೆದು ಬೆಳ್ಳಿಯನ್ನು ತೆಗೆದುಕೊಂಡು ಹೋದನು. ಹೊನೊಲುಲುವಿನ ಅಳತೆಯನ್ನು ನಂಬದವರ ನಡುವೆ ಇಂಥವನೊಬ್ಬನೂ ಇದ್ದನೆಂಬುದು ಸಮಾಧಾನದ ಸಂಗತಿ. ಹೀಲಿಯು 1918ನೆಯ ಆಗಸ್ಟ್ 29ರಂದು ಫ್ರಾನ್ಸಿನ ರಣರಂಗದಲ್ಲಿ ಮಡಿದನು.

ಆ ಮಹಾಯುದ್ಧವು ಈಜುಗಾರರ ವಯಸ್ಸನ್ನು ಲೆಕ್ಕಿಸಲಿಲ್ಲ. 1916ರಲ್ಲಿ ಬರ್ಲಿನ್ನಿನಲ್ಲಿ ನಡೆಯಬೇಕಾಗಿದ್ದ ಒಲಿಂಪಿಕ್ ಕ್ರೀಡೆಗಳು ನಡೆಯಲೇ ಇಲ್ಲ. ಕಹನಾಮೋಕುವಿನ ತೋಳಿನಲ್ಲಿ ಕಸುವು ತುಂಬಿದ್ದ ಕಾಲವು ಹಾಗೆಯೇ ಕಳೆಯಿತು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪಿನಲ್ಲಿ ಕ್ರೀಡೆಗಳು ಮತ್ತೆ ಸೇರಿದಾಗ ಈಜುಗಾರರಲ್ಲಿ ಆತನು ಹಿರಿಯನೇ ಸರಿ. 100 ಮೀಟರಿನ ಅಂತಿಮ ಪಂದ್ಯವು ಆತನಿಗೆ 30 ವರ್ಷ ತುಂಬಿದ ದಿನವೇ ನಡೆಯಿತು. ಕಾಲ 1 ನಿಮಿಷ 0.4 ಸೆಕೆಂಡು, ಮತ್ತೆ ಲೋಕದಾಖಲೆ. ಆದರೆ ಆಸ್ಟ್ರೇಲಿಯದ ಈಜುಗಾರನು ತನಗೆ ಮತ್ತೊಬ್ಬ ಅಮೆರಿಕದವನಿಂದ ಅಡ್ಡಿಯಾಯಿತೆಂದು ದೂರು ಕೊಟ್ಟುದರಿಂದ ಪಂದ್ಯವನ್ನು ಪುನಃ ನಡೆಸಿದರು. ಕಹನಾಮೋಕು ಪುನಃ ಗೆದ್ದನು. ಎರಡನೆಯವನಾಗಿ ಬಂದ ಪುವಾ ಕೆಯಲೋಹನೂ ಹವಾಯಿಯವನೇ. 200 ಮೀಟರುಗಳಂತೆ ನಾಲ್ವರು ಈಜುವ ಸರದಿಯ ಪಂದ್ಯದಲ್ಲಿಯೂ ಇವರಿಬ್ಬರಿದ್ದ ತಂಡಕ್ಕೆ ಚಿನ್ನ ಬಂದಿತು. ಒಂಬತ್ತು ವರ್ಷಗಳ ಹಿಂದೆ ಸೆಳೆತದ ಮಾತನ್ನಾಡಿದ್ದವರು ಈಗ ಏನು ಹೇಳಬಹುದಾಗಿತ್ತು?

ಇದೇ ಆಂಟ್‌ವರ್ಪಿಗೆ ಸರ್ ದೊರಾಬ್‌ಜಿ ಟಾಟಾ ಅವರ ಪ್ರಯತ್ನದಿಂದ ಭಾರತದ ಒಂದು ಚಿಕ್ಕ ತಂಡವೂ ಹೋಗಿತ್ತೆಂಬುದನ್ನು ಕನ್ನಡಿಗರು ಜ್ಞಾಪಕದಲ್ಲಿಡಬೇಕು. ಆ ತಂಡದಲ್ಲಿದ್ದ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು ಮ್ಯಾರಥಾನ್ ಓಟದಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಅವರೂ ಪರಾಧೀನ ನಾಡಿನ ಮಗ. ಅವರ ಓಟವನ್ನು ಅಂದು ಅಳೆದು ಬರೆದಿಟ್ಟುದರಿಂದಲೇ ನೂರು ವರ್ಷ ಕಳೆದ ಮೇಲೂ ಅವರ ಹೆಸರನ್ನು ನಾವು ಇಲ್ಲಿ ಬರೆಯಲು ಸಾಧ್ಯವಾಯಿತು. ಅವರಿಗಿಂತ ವೇಗವಾಗಿ ಓಡಿದ ಹಳ್ಳಿಗನು ಅಂದಿನ ಕನ್ನಡನಾಡಿನಲ್ಲಿ ಇದ್ದಿದ್ದರೂ ಇದ್ದಿರಬಹುದು. ಆತನ ಹೆಸರು ಯಾರಿಗೆ ಗೊತ್ತು?

1924ರಲ್ಲಿ ಪ್ಯಾರಿಸ್ಸಿನಲ್ಲಿ ಕಹನಾಮೋಕುವಿಗೆ ಸೋಲಾಯಿತು. ಸೋಲಿಸಿದವನು ಇಪ್ಪತ್ತು ವರ್ಷದ ಜಾನಿ ವೈಸ್‌ಮುಲ್ಲರ್; ಕಾಲ 59 ಸೆಕೆಂಡು. ಎರಡನೆಯವನು ಕಹನಾಮೋಕು, ಮೂರನೆಯವನು ಆತನ ಸ್ವಂತ ತಮ್ಮನಾದ ಸ್ಯಾಮ್. ಹನ್ನೆರಡು ವರ್ಷಗಳಲ್ಲಿ ಮೂರು ಒಲಿಂಪಿಕ್ ಕ್ರೀಡೆಗಳು, ಮೂರು ಚಿನ್ನ, ಎರಡು ಬೆಳ್ಳಿ. ಇದು ಆತನ ಲೆಕ್ಕ.

ಈ ಲೆಕ್ಕದ ಪಕ್ಕದಲ್ಲಿ ಮತ್ತೊಂದು ಲೆಕ್ಕವನ್ನೂ ಇಡಬೇಕು. ಆ ಕಾಲದ ಕಟ್ಟಳೆಯಂತೆ ಒಲಿಂಪಿಕ್ ಕ್ರೀಡಾಪಟುವು ತನ್ನ ವಿದ್ಯೆಯಿಂದ ಒಂದು ಕಾಸನ್ನೂ ಸಂಪಾದಿಸಕೂಡದು. ಹಣವುಳ್ಳ ಮನೆಯ ಮಕ್ಕಳಿಗೆ ಇದು ಭೂಷಣ. ದುಡಿದು ಉಣ್ಣುವವನಿಗೆ ಇದು ದಂಡ. ಲೋಕದ ಅತಿ ವೇಗದ ಈಜುಗಾರನೆನಿಸಿದವನು ಹೊನೊಲುಲುವಿನಲ್ಲಿ ಮನೆಮನೆಯ ನೀರಿನ ಮೀಟರುಗಳನ್ನು ಓದುವ ಕೆಲಸ ಮಾಡಿದನು. ಮುಂದೆ ಪೆಟ್ರೋಲು ಮಾರುವ ಅಂಗಡಿಯನ್ನೂ ನಡೆಸಿದನು. ಚಲನಚಿತ್ರಗಳಲ್ಲಿ ಆತನಿಗೆ ದೊರೆತವು ಸಣ್ಣಪುಟ್ಟ ಪಾತ್ರಗಳು. ಆತನನ್ನು ಸೋಲಿಸಿದ ವೈಸ್‌ಮುಲ್ಲರನು ಟಾರ್ಜನ್ ಪಾತ್ರದಲ್ಲಿ ಜಗತ್ಪ್ರಸಿದ್ಧನಾದನು. ಕಂದುಬಣ್ಣದ ಹವಾಯಿಯವನು ಕಾಡುಜನರ ನಾಯಕನಂಥ ವೇಷಗಳಲ್ಲಿ ತೃಪ್ತನಾಗಬೇಕಾಯಿತು. ಕಡೆಗೆ 1934ರಲ್ಲಿ ಹೊನೊಲುಲುವಿನ ಜನರು ಆತನನ್ನು ತಮ್ಮ ಷರೀಫನನ್ನಾಗಿ ಚುನಾಯಿಸಿದರು. 1961ರವರೆಗೆ ಮೇಲಿಂದ ಮೇಲೆ ಚುನಾಯಿಸುತ್ತಲೇ ಹೋದರು. ಮೊದಲು ಹಣ ಕೂಡಿಸಿ ಕಳುಹಿಸಿದವರೂ ಊರಿನವರು, ಕಡೆಗೆ ಕೈಹಿಡಿದವರೂ ಊರಿನವರು.

ಆತನ ಜೀವನದಲ್ಲಿ ಪದಕಗಳಿಗಿಂತ ಮಿಗಿಲಾದುದೆಂದು ನಾವು ಎಣಿಸುವ ದಿನವೊಂದುಂಟು. 1925ನೆಯ ಜೂನ್ 14ರಂದು ಕ್ಯಾಲಿಫೋರ್ನಿಯದ ಕೊರೋನಾ ಡೆಲ್ ಮಾರ್ ಎಂಬ ತೀರದ ಬಳಿ, 29 ಜನರಿದ್ದ ಥೆಲ್ಮಾ ಎಂಬ ದೋಣಿಯು ದೊಡ್ಡ ತೆರೆಗಳ ಹೊಡೆತಕ್ಕೆ ಮಗುಚಿಕೊಂಡಿತು. ತೀರದಲ್ಲಿದ್ದ ಕಹನಾಮೋಕು ತನ್ನ ಹಲಗೆಯನ್ನು ಹಿಡಿದು ಆ ತೆರೆಗಳೊಳಗೆ ನುಗ್ಗಿದನು, ಸಿಕ್ಕಿದವರನ್ನು ಹಲಗೆಯ ಮೇಲೆ ಹಾಕಿಕೊಂಡು ದಡಕ್ಕೆ ತಂದನು, ತಿರುಗಿ ಹೋದನು, ಮತ್ತೆ ತಂದನು. ಆ ದಿನ 17 ಜನರು ಸತ್ತರು. ಬದುಕಿದ 12 ಜನರಲ್ಲಿ 8 ಜನರನ್ನು ಉಳಿಸಿದವನು ಈತನೊಬ್ಬನೇ. ಅಲ್ಲಿ ಗಡಿಯಾರ ಹಿಡಿದು ನಿಂತವರು ಯಾರೂ ಇರಲಿಲ್ಲ. ದಾಖಲೆಯೆಂದರೆ ಬದುಕಿದ ಎಂಟು ಜೀವಗಳೇ. ಈಜು ಎಂಬ ವಿದ್ಯೆಯ ಮೂಲ ಪ್ರಯೋಜನವು ಇದಲ್ಲದೆ ಇನ್ನಾವುದು? 1968ನೆಯ ಜನವರಿ 22ರಂದು ಆತನು ತೀರಿಕೊಂಡಾಗ ಚಿತಾಭಸ್ಮವನ್ನು ವೈಕೀಕಿಯ ಕಡಲಿಗೆ ಅರ್ಪಿಸಿದರು.

ಈ ಚರಿತ್ರೆಯನ್ನು ಓದಿ ಮೆಚ್ಚಿ ಮುಂದಿನ ಪುಟಕ್ಕೆ ಹೋಗುವುದು ಸುಲಭ. ನಮ್ಮ ಮನೆಯ ಲೆಕ್ಕವನ್ನೂ ಒಮ್ಮೆ ನೋಡೋಣ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಏಷ್ಯನ್ ಕ್ರೀಡೆಗಳಲ್ಲಿ ಇದೇ 100 ಮೀಟರಿನ ಫ್ರೀಸ್ಟೈಲ್ ಪಂದ್ಯವನ್ನು ಗೆದ್ದು ಭಾರತಕ್ಕೆ ಚಿನ್ನ ತಂದವರು ಕಾಶಿಯಲ್ಲಿ ಜನಿಸಿದ ಸಚಿನ್ ನಾಗ್ ಅವರು. ಅವರು ತೀರಿಕೊಂಡದ್ದು 1987ರಲ್ಲಿ. ಸರ್ಕಾರವು ಅವರ ಹೆಸರಿಗೆ ಧ್ಯಾನ್‌ಚಂದ್ ಪ್ರಶಸ್ತಿಯನ್ನು ಕೊಟ್ಟದ್ದು 2020ರಲ್ಲಿ. ಚಿನ್ನಕ್ಕೂ ಪ್ರಶಸ್ತಿಗೂ ನಡುವೆ 69 ವರ್ಷಗಳು ಕಳೆದವು. ಅಳೆದದ್ದಾಗಿತ್ತು, ಗೆದ್ದದ್ದಾಗಿತ್ತು; ನೆನೆಯುವುದಕ್ಕೆ ಮಾತ್ರ ಪುರುಷಾಯುಷವು ಸಾಲದೆ ಹೋಯಿತು.

ಕರ್ನಾಟಕವು ಈ ವಿದ್ಯೆಯಲ್ಲಿ ಹಿಂದೆ ಬಿದ್ದಿದೆಯೆಂದು ನಾವು ಹೇಳುವುದಿಲ್ಲ. ಬೆಂಗಳೂರಿನ ನಿಶಾ ಮಿಲ್ಲೆಟ್ ಅವರು 2000ದಲ್ಲಿ ಸಿಡ್ನಿಯಲ್ಲಿಯೂ, ಶಿಖಾ ಟಂಡನ್ ಅವರು 2004ರಲ್ಲಿ ಅಥೆನ್ಸಿನಲ್ಲಿಯೂ, 14 ವರ್ಷದ ಬಾಲಿಕೆ ಧಿನಿಧಿ ದೇಸಿಂಗು ಅವರು 2024ರಲ್ಲಿ ಪ್ಯಾರಿಸ್ಸಿನಲ್ಲಿಯೂ ಒಲಿಂಪಿಕ್ ಫ್ರೀಸ್ಟೈಲ್ ಪಂದ್ಯಗಳಲ್ಲಿ ಭಾರತದ ಪರವಾಗಿ ಈಜಿದರು. ಇವರೆಲ್ಲರೂ ನಮ್ಮ ಅಭಿಮಾನಕ್ಕೆ ಪಾತ್ರರು. ಆದರೆ ಒಂದು ವಿಷಯವನ್ನು ಗಮನಿಸಬೇಕು. ಇವರು ರಾಜಧಾನಿಯ ಮಕ್ಕಳು. ಕೊಳವೂ ಗುರುವೂ ಗಡಿಯಾರವೂ ಅಲ್ಲಿ ಉಂಟು. ನೀರು ಹರಿಯುವುದು ಮಾತ್ರ ಶ್ರೀರಂಗಪಟ್ಟಣದಲ್ಲಿ. ಹೊಳೆಯಿರುವಲ್ಲಿ ಅಳತೆಯಿಲ್ಲ, ಅಳತೆಯಿರುವಲ್ಲಿ ಹೊಳೆಯಿಲ್ಲ. ಒಲಿಂಪಿಕ್ ಈಜಿನಲ್ಲಿ ಭಾರತಕ್ಕೆ ಈವರೆಗೆ ಒಂದು ಪದಕವೂ ಬಾರದಿರುವುದಕ್ಕೆ ಕಾರಣಗಳು ಅನೇಕ. ಅವುಗಳಲ್ಲಿ ಇದೂ ಒಂದೆಂದು ನಮ್ಮ ಅಭಿಪ್ರಾಯ.

ಕಾವೇರಿಯ ಸುಳಿಗಳಲ್ಲಿ ಹುಡುಗರನ್ನು ಪಂದ್ಯಕ್ಕೆ ಇಳಿಸಬೇಕೆಂದು ನಾವು ಹೇಳುತ್ತಿರುವುದಾಗಿ ಯಾರೂ ಭಾವಿಸಬಾರದು. ಕನ್ನಂಬಾಡಿಯ ಬಾಗಿಲುಗಳನ್ನು ತೆರೆದಾಗ ಹೊಳೆಯು ಹೇಗೆ ಏರುವುದೆಂಬುದು ದಡದವರಿಗೆ ಗೊತ್ತು. ಸ್ನಾನಕ್ಕೆಂದು ಇಳಿದ ಪರಸ್ಥಳದ ಯಾತ್ರಿಕರು ಮಡುವಿನ ಆಳವನ್ನರಿಯದೆ ಮುಳುಗಿದ ಸುದ್ದಿಯು ನಮ್ಮ ಪತ್ರಿಕೆಗಳಿಗೆ ಅಪರೂಪವಲ್ಲ. ನಾವು ಕೇಳುವುದು ಇಷ್ಟೆ: ಹೊಳೆಯ ದಡದ ತಾಲ್ಲೂಕುಗಳಾದ ಶ್ರೀರಂಗಪಟ್ಟಣ, ಪಾಂಡವಪುರ ಮತ್ತು ಕೃಷ್ಣರಾಜಪೇಟೆಗಳಲ್ಲಿ ಶಾಲೆಯ ಮಕ್ಕಳಿಗೆ ತೆರೆದಿರುವ, ನಿಂತ ನೀರಿನ, ಅಳತೆ ಸರಿಯಾಗಿರುವ ಒಂದೊಂದು ಕೊಳವಿರಲಿ; ಈಜನ್ನು ಕಲಿಸಲು ಬಲ್ಲ ಒಬ್ಬ ಗುರುವಿರಲಿ; ಒಂದು ಗಡಿಯಾರವೂ, ಪ್ರತಿಯೊಂದು ಮಗುವಿನ ಹೆಸರಿನ ಮುಂದೆ ದೂರವನ್ನೂ ಕಾಲವನ್ನೂ ಬರೆದಿಡುವ ಒಂದು ಪುಸ್ತಕವೂ ಇರಲಿ. ಹೆಣ್ಣುಮಕ್ಕಳಿಗೂ ಅದೇ ಕೊಳ, ಅದೇ ಪುಸ್ತಕ. ಮುಳುಗುವವನನ್ನು ಹಿಡಿದು ತರುವ ರೀತಿಯನ್ನು ಮೊದಲು ಕಲಿಸಲಿ, ಪಂದ್ಯವನ್ನು ಆಮೇಲೆ ಕಲಿಸಲಿ. ಇದಕ್ಕೆ ಬೇಕಾದ ಹಣವು ಸರ್ಕಾರಕ್ಕೆ ದೊಡ್ಡದಲ್ಲ. ಸರ್ಕಾರವು ತಡಮಾಡಿದರೆ ಹೊನೊಲುಲುವಿನವರಂತೆ ಊರವರು ಕೂಡಿಸಲಾಗದಷ್ಟು ದೊಡ್ಡದೂ ಅಲ್ಲ. ಜಾತ್ರೆಗೂ ತೇರಿಗೂ ಕೈ ಬಿಚ್ಚಿ ಕೊಡುವ ಜನ ನಮ್ಮವರು. ಕೇಳುವವರು ಕೇಳಿದರೆ ಇದಕ್ಕೂ ಕೊಡುವರು.

ಹೀಗೆ ಮಾಡಿದರೆ ಕರಿಘಟ್ಟದ ಕೆಳಗಿನಿಂದ ನಾಳೆಯೇ ಒಬ್ಬ ಕಹನಾಮೋಕು ಹೊರಟು ಬರುವನೆಂದು ನಾವು ಭರವಸೆ ಕೊಡಲಾರೆವು. ಆದರೆ ಹೊಳೆಗೆ ಬಿದ್ದ ಯಾತ್ರಿಕನನ್ನು ಎಳೆದು ತರಬಲ್ಲ ಮಕ್ಕಳು ಊರೂರಿಗೆ ಹತ್ತು ಮಂದಿಯಾದರೂ ಇರುವರು. ಅವರಲ್ಲಿ ಅತಿಶಯವಾದ ವೇಗವುಳ್ಳ ಒಬ್ಬನೋ ಒಬ್ಬಳೋ ಇದ್ದರೆ ಅದು ಪುಸ್ತಕದಲ್ಲಿ ಕಾಣಿಸುವುದು. ಆಗ ಯಾರಾದರೂ ಹೊಳೆಯ ಸೆಳೆತವನ್ನೋ ಗಡಿಯಾರವನ್ನೋ ಸಂಶಯಿಸಿದರೆ ನಾವು ವಾದಕ್ಕೆ ನಿಲ್ಲಬೇಕಾಗಿಲ್ಲ. ಪುಸ್ತಕವನ್ನು ತೆರೆದು ತೋರಿಸಿದರೆ ಸಾಕು. ಶ್ರೀರಂಗಪಟ್ಟಣ ಸೀಮೆಯ ಮಹನೀಯರು ಈ ಕಾರ್ಯವನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬುತ್ತೇವೆ.